ಎದುರು ತುದಿಯಿಂದ ಬಂದ ಉತ್ತರಗಳು

ಕರೆಂಟು ಹೋಗಬಹುದಿತ್ತು. ಹೋಗೇ ಹೋಗುತ್ತದೆ ಅಂತ ಜನರೇಟರಿಗೆ ಡೀಸೆಲ್ ತುಂಬಿಸಿಟ್ಟರೆ, ಅದರ ಸದ್ದಿಗೆ ಯಾರಿಗೂ ಏನೂ ಕೇಳಿಸದೆ ಇನ್ನೊಂದು ಅವಾಂತರ ಆಗಬಹುದಿತ್ತು. ಮಳೆ ಹುಯ್ದರೆ ನಮ್ಮ ತಗಡಿನ ಚಾವಣಿ ಜನರೇಟರನ್ನೇ ಮೀರಿಸುತ್ತಿತ್ತು. ಬೆಂಗಳೂರಿನಿಂದ ಬರಬೇಕಾದ ಮೇಡಂ ಹುಣಸೂರಿನಲ್ಲಿ ಎಡಕ್ಕೆ ತಿರುಗುವುದನ್ನು ಮರೆತು, ಪಿರಿಯಾಪಟ್ಟಣವನ್ನೂ ದಾಟಿ, ಕುಶಾಲನಗರದಲ್ಲಿ ಇಳಿದು ಫೋನ್ ಮಾಡಬಹುದಿತ್ತು. ವೀರನಹೊಸಹಳ್ಳಿ ಕಡೆಯಿಂದ ಹೆಂಗಸರನ್ನು ಕರೆತರುವ ಟೆಂಪೋಗೆ ಆನೆ ಅಡ್ಡ ನಿಲ್ಲಬಹುದಿತ್ತು. ನಿಲ್ಲದಿದ್ದರೂ ನಿಂತಿತ್ತು ಅಂತ ಡ್ರೈವರ್ ಹೇಳಬಹುದಿತ್ತು. ಅವತ್ತೇ ಸ್ತ್ರೀಶಕ್ತಿ ಸಂಘದ ಸಭೆ ಬಿದ್ದು ಅರ್ಧ ಜನ ಬರದೇ ಇರಬಹುದಿತ್ತು. ಬಂದವರು ಕನ್ನಡಕ ಮರೆತಿರಬಹುದಿತ್ತು. ಪೆನ್ಸಿಲಿನ ಮೊನೆ ಮುರಿಯಬಹುದಿತ್ತು, ಮೆಂಡರು ಸಿಗದೇ ಹೋಗಬಹುದಿತ್ತು. ಉಪ್ಪಿಟ್ಟು ಸೀದು, ಅದೇ ಹೊಗೆಗೆ ಚಾವಣಿಯ ಮೂಲೆಯ ಹೆಜ್ಜೇನು ಎದ್ದು, ಬುದ್ಧಿ ಅಳೆಸಿಕೊಳ್ಳಲು ಕೂತವರೆಲ್ಲ ಗದ್ದೆಯ ಕಡೆ ಓಡಬಹುದಿತ್ತು.

ಇಷ್ಟನ್ನೂ ನಾನು ಹಿಂದಿನ ರಾತ್ರಿಯ ಊಟಕ್ಕೆ ಮುಂಚೆ ಹೆಂಡತಿಗೆ ಹೇಳಿ ಮುಗಿಸಿದ್ದೆ. ಅವಳು ಮುದ್ದೆ ಕಟ್ಟುತ್ತಾ, “ಇದ್ರಲ್ಲಿ ಒಂದೂ ಆಗ್ದೇ ಹೋದ್ರೆ ಏನ್ ಮಾಡ್ತೀರಿ? ಬೇಜಾರಾಗಲ್ವಾ?” ಅಂದಳು.

ನಾನು ಕೆಲಸ ಮಾಡುವುದು ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಹೋಗುವ ರಸ್ತೆಯಲ್ಲಿರುವ ಒಂದು ಮಿಡಿಸೌತೆ ಘಟಕದಲ್ಲಿ. ರೈತರು ಬೆಳೆದ ಬೆರಳುದ್ದದ ಸೌತೆಮಿಡಿಗಳನ್ನು ಕೊಂಡು, ಗಾತ್ರ ನೋಡಿ ಬೇರ್ಪಡಿಸಿ, ಉಪ್ಪುನೀರಿನ ಡ್ರಮ್ಮುಗಳಲ್ಲಿ ತುಂಬಿ ಹೊರದೇಶಕ್ಕೆ ಕಳಿಸುತ್ತೇವೆ. ಆ ದೇಶದವರು ಅದನ್ನು ಬ್ರೆಡ್ಡಿನ ನಡುವೆ ಇಟ್ಟುಕೊಂಡು ತಿನ್ನುತ್ತಾರಂತೆ. ನಾನು ಅಲ್ಲಿ ಆಫೀಸಿನವನು. ಹಾಜರಿ, ಸಂಬಳ, ಟೆಂಪೋ, ಕುಡಿಯುವ ನೀರು, ಇವುಗಳ ಬಗ್ಗೆ ಚಿಂತೆ ಮಾಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಮಿಕ್ಕಿದ್ದರ ಬಗ್ಗೆ ಪುಕ್ಕಟೆಯಾಗಿಯೇ ಮಾಡುತ್ತೇನೆ.

ಸೌತೆ ಬೇರ್ಪಡಿಸುವ ಹೆಂಗಸರನ್ನು ನಮ್ಮಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಊರು ಹಿಡಿದು ಕರೆಯುತ್ತಾರೆ. ಮಿರ್ಲೆಯವಳು, ವೀರನಹೊಸಹಳ್ಳಿಯವಳು, ಹೀಗೆ. ಅವರಲ್ಲೆಲ್ಲ ಜೋರು ಅಂದರೆ ಗಾವಡಗೆರೆಯವಳು. ನನ್ನದೂ ಅದೇ ಊರಾದ್ದರಿಂದ ಅವಳಿಗೆ ನಾನು ‘ಅಣ್ಣಯ್ಯ’. ಈ ಸಂಬಂಧದಿಂದ ನನಗೆ ಇದುವರೆಗೆ ಸಿಕ್ಕಿರುವ ಲಾಭ ಅಂದರೆ, ಎಲ್ಲರೆದುರು ಬೈಸಿಕೊಳ್ಳುವುದು. ಅವಳ ಕೈ ಬಲು ಚುರುಕು, ಬಾಯಿ ಅದಕ್ಕಿಂತ ಚುರುಕು.

ಅವಳಿಗೆ ಒಂದೇ ಕಷ್ಟ, ಕೊಡಗಿನ ಜೀಪು. ನಮ್ಮಲ್ಲಿ ಕಾಯಿ ಬರುವುದು ಕಮ್ಮಿಯಾದಾಗ ಹೆಂಗಸರನ್ನು ಮನೆಗೆ ಕಳಿಸುತ್ತೇವೆ. ಆಗ ಅವರು ಬೆಳಗಿನ ಜಾವ ಜೀಪು ಹತ್ತಿ ಕಾಫಿ ತೋಟಗಳಿಗೆ ಹಣ್ಣು ಕುಯ್ಯಲು ಹೋಗುತ್ತಾರೆ. ತೋಟದ ಕೆಲಸಕ್ಕೆ ಗಾವಡಗೆರೆಯವಳು ಹೆದರುವವಳಲ್ಲ. ಆದರೆ ಜೀಪಿನ ತಿರುವುಗಳು ಅವಳ ಹೊಟ್ಟೆಗೆ ಆಗಿಬರುವುದಿಲ್ಲ.

“ತಿತಿಮತಿ ಮುಟ್ಟೋಷ್ಟರಲ್ಲಿ ಒಟ್ಟೇಲಿರೋದೆಲ್ಲ ಆಚ್ಗೆ ಬತ್ತದೆ ಕಣಣ್ಣಯ್ಯ,” ಅನ್ನುತ್ತಿದ್ದಳು. “ಕಿಟ್ಕಿ ಪಕ್ಕದ್ ಜಾಗ ಎಲ್ರೂ ನಂಗೇ ಬುಟ್ಕೊಡ್ತಾರೆ. ಗೌರವಕ್ಕಲ್ಲ.”

ಜೀಪು ತಪ್ಪಬೇಕಾದರೆ ವರ್ಷಪೂರ್ತಿ ಕೆಲಸ ಬೇಕು. ವರ್ಷಪೂರ್ತಿ ಕೆಲಸ ಇರುವುದು ಸೂಪರ್‌ವೈಸರ್ ಒಬ್ಬರಿಗೇ. ಆ ಜಾಗಕ್ಕೆ ಮೈಸೂರಿನಿಂದ ಬಂದವರೆಲ್ಲ ಉಪ್ಪುನೀರಿನ ವಾಸನೆಗೆ ಮೂಗು ಮುಚ್ಚಿಕೊಂಡು ವಾಪಸು ಹೋಗಿದ್ದರು. ಹಾಗಾಗಿ ಮಾಲೀಕರು ಈ ಸಲ ನಮ್ಮ ಹೆಂಗಸರಲ್ಲೇ ಒಬ್ಬರನ್ನು ಆರಿಸೋಣ ಅಂದರು. ನನಗೆ ಖುಷಿಯಾಯಿತು. ಆದರೆ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಯಾವುದೋ ಸಭೆಯಲ್ಲಿ ಯಾರೋ ಅವರಿಗೆ ಬುದ್ಧಿಮಟ್ಟ ಅಳೆಯುವ ಪರೀಕ್ಷೆಯ ವಿಷಯ ತಲೆಗೆ ಹಾಕಿದ್ದರು. ಶಾಲೆಗಳಲ್ಲಿ ಮಾಡುತ್ತಾರಂತೆ, ದೊಡ್ಡ ಕಂಪನಿಗಳಲ್ಲಿ ಮಾಡುತ್ತಾರಂತೆ, ಓದಿದವರಿಗೂ ಓದದವರಿಗೂ ಒಂದೇ ಅಳತೆಯಂತೆ. “ನಾನು ಆರಿಸಿದರೆ ಅವರ ಕಡೆ, ಇವರ ಕಡೆ ಅಂತ ಮಾತು ಬರುತ್ತೆ. ಪರೀಕ್ಷೆ ಆರಿಸಿದರೆ ಯಾರು ಏನನ್ನಕ್ಕಾಗುತ್ತೆ?” ಅಂದರು. ಅವರ ಮಾತೂ ಸರಿಯೇ ಇತ್ತು. ಊರಿನ ಸಂಬಂಧ ಹೇಳಿಕೊಂಡು ಅವಳ ಹೆಸರು ಎತ್ತಬೇಕೆಂದಿದ್ದ ನಾನು ಬಾಯಿ ಮುಚ್ಚಿಕೊಂಡು, ಪೆನ್ಸಿಲ್ ಎಷ್ಟು ಬೇಕಾಗಬಹುದು ಅಂತ ಯೋಚಿಸತೊಡಗಿದೆ.

ಸುದ್ದಿ ಕೇಳಿ ಗಾವಡಗೆರೆಯವಳು, “ಬುದ್ಧಿ ಅಳೆಯೋಕೆ ಬೆಂಗ್ಳೂರಿಂದ ಬರ್ಬೇಕಾ? ನಮ್ಮತ್ತೆ ಮದ್ವೆ ಆದ್ ಮಾರ್ನೇ ದಿನಾನೇ ಅಳೆದ್ ಏಳಿದ್ರಲ್ಲ,” ಅಂದಳು. ಎಲ್ಲರೂ ನಕ್ಕರು. ಆಮೇಲೆ ನಾನು ಒಬ್ಬನೇ ಸಿಕ್ಕಾಗ ಮೆಲ್ಲಗೆ ಕೇಳಿದಳು, “ಅಣ್ಣಯ್ಯ, ಅದ್ರಲ್ಲಿ ಓದೋದ್ ಏನಾರ ಬತ್ತದಾ?”

“ಇಲ್ವಂತೆ ಕಣವ್ವ. ಬರೀ ಚಿತ್ರ.”

“ಚಿತ್ರ ತಾನೆ, ಬುಡು,” ಅಂದಳು. ಅಂದರೂ ಅವತ್ತು ಮಧ್ಯಾಹ್ನ ಪೂರ್ತಿ ಅವಳು ಯಾರಿಗೂ ಬೈಯಲಿಲ್ಲ. ಆಗ ನನಗೆ ಗೊತ್ತಾಯಿತು, ಚಿಂತೆ ಅನ್ನೋದು ನನ್ನೊಬ್ಬನ ಆಸ್ತಿಯಲ್ಲ ಅಂತ.

ಪರೀಕ್ಷೆಯ ದಿನ ಕರೆಂಟು ಹೋಗಲಿಲ್ಲ, ಮಳೆ ಬರಲಿಲ್ಲ. ಮೇಡಂ ಎಡಕ್ಕೇ ತಿರುಗಿ ಹೇಳಿದ ಹೊತ್ತಿಗೆ ಬಂದರು. ಬೆನ್ನಿಗೆ ಶಾಲೆಯ ಮಕ್ಕಳಂಥದೇ ಚೀಲ ಹಾಕಿಕೊಂಡ ಚಿಕ್ಕ ವಯಸ್ಸಿನ ಹುಡುಗಿ. ಬಂದವರೇ ಉಪ್ಪಿಟ್ಟು ತಿಂದು, ಚೆನ್ನಾಗಿದೆ ಅಂತ ಇನ್ನೊಂದು ಸಲ ಹಾಕಿಸಿಕೊಂಡರು. ಎಲ್ಲವೂ ಇಷ್ಟು ಸಲೀಸಾಗಿ ನಡೆದರೆ ನನಗೆ ಭಯ ಜಾಸ್ತಿ.

ಸೌತೆ ಬೇರ್ಪಡಿಸುವ ಉದ್ದನೆಯ ಸ್ಟೀಲ್ ಟೇಬಲ್ಲಿನ ಎರಡೂ ಕಡೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದೆ. ಮೇಡಂ ಒಬ್ಬೊಬ್ಬರಿಗೂ ಒಂದೊಂದು ತೆಳು ಪುಸ್ತಕ ಕೊಟ್ಟರು. ಪ್ರತಿ ಪುಟದಲ್ಲಿ ಒಂದು ಚಿತ್ರ. ಸೀರೆಯ ಬುಟ್ಟಾದ ಹಾಗೆ ಗೆರೆ, ಚುಕ್ಕೆ, ಚೌಕಗಳು. ಒಂದು ಮೂಲೆಯಲ್ಲಿ ಮಾತ್ರ ಚೂರು ಕತ್ತರಿಸಿ ತೆಗೆದಂತೆ ಖಾಲಿ. ಕೆಳಗೆ ಕೆಲವು ಚೂರುಗಳು. ಯಾವ ಚೂರು ಅಲ್ಲಿ ಸರಿಯಾಗಿ ಕೂರುತ್ತದೋ ಅದಕ್ಕೆ ಸುತ್ತು ಹಾಕಬೇಕು, ಅಷ್ಟೆ. ಮೊದಲ ಪುಟಗಳು ಸುಲಭ, ಹೋಗ್ತಾ ಹೋಗ್ತಾ ಕಷ್ಟ. ಕೊನೆಯ ಪುಟ ನೋಡಿದಾಗ ನನಗೆ ಜೀಪಿನಲ್ಲಿ ಕೂತಂತಾಯಿತು.

“ಮಾತಾಡಬಾರದು. ಇನ್ನೊಬ್ಬರದ್ದು ನೋಡಿ ಬರೀಬಾರದು. ಬೆಲ್ ಹೊಡೆಯೋವರೆಗೆ ಟೈಮಿದೆ,” ಅಂದರು ಮೇಡಂ. ನಾನು ಅದನ್ನೇ ನಮ್ಮ ಕಡೆಯ ಮಾತಿನಲ್ಲಿ ಇನ್ನಷ್ಟು ಜೋರಾಗಿ ಹೇಳಿದೆ. ಶುರುವಾಯಿತು. ಸ್ವಲ್ಪ ಹೊತ್ತಿಗೆ ಮೇಡಂಗೆ ಫೋನ್ ಬಂತು. ನಮ್ಮಲ್ಲಿ ಸಿಗ್ನಲ್ ಸಿಗುವುದು ಗೇಟಿನ ಹತ್ತಿರ ಮಾತ್ರ. “ಸರ್, ಒಂದ್ನಿಮಿಷ ನೋಡ್ಕೊಳ್ಳಿ,” ಅಂತ ಆಚೆ ಹೋದರು.

ನಾನು ನೋಡಿಕೊಂಡೆ. ಗಾವಡಗೆರೆಯವಳು ಸೌತೆ ಆರಿಸುವ ಹಾಗೇ ಪುಟ ತಿರುಗಿಸುತ್ತಿದ್ದಳು. ಅವಳ ಪಕ್ಕ ಮಿರ್ಲೆಯವಳು. ಇವಳಷ್ಟು ನಿಧಾನದ ಮನುಷ್ಯಳನ್ನು ನಾನು ಕಂಡಿಲ್ಲ, ಇವಳಷ್ಟು ನೆಮ್ಮದಿಯವಳನ್ನೂ ಕಂಡಿಲ್ಲ. ಸೂಪರ್‌ವೈಸರ್ ಆಗುವ ಆಸೆ ಅವಳಿಗಿರಲಿಲ್ಲ. ಅರ್ಧ ದಿನ ಕೂತುಕೊಂಡು ಮಾಡುವ ಕೆಲಸ, ಮೇಲೆ ಊಟ ಬೇರೆ ಅಂತ ಬಂದಿದ್ದಳು. ಪೆನ್ಸಿಲನ್ನು ತುಟಿಗೆ ಒತ್ತಿಕೊಂಡು ಇನ್ನೂ ಮೊದಲ ಪುಟಗಳಲ್ಲೇ ಇದ್ದಳು. ಇವಳು ಮುಗಿಸುವುದು ಯಾವಾಗ, ಮೇಡಂ ಹೊರಡುವುದು ಯಾವಾಗ ಅಂತ ನಾನು ಗಡಿಯಾರ ನೋಡಿದೆ.

ಅಷ್ಟರಲ್ಲಿ ಗಾವಡಗೆರೆಯವಳು ತನ್ನದು ಮುಗಿಸಿ ಪೆನ್ಸಿಲ್ ಕೆಳಗಿಟ್ಟಳು. ಅತ್ತ ನೋಡಿದಳು, ಇತ್ತ ನೋಡಿದಳು. ಮಿರ್ಲೆಯವಳ ಪುಸ್ತಕ ನೋಡಿದಳು. ತನ್ನ ಕುರ್ಚಿಯನ್ನು ಸದ್ದಿಲ್ಲದೆ ಅತ್ತ ಎಳೆದುಕೊಂಡು, ಆ ಪುಸ್ತಕದ ಕೊನೆಯ ಪುಟ ಎತ್ತಿ, ಅಲ್ಲಿಂದ ಹಿಂದಕ್ಕೆ ಸುತ್ತು ಹಾಕುತ್ತಾ ಬಂದಳು. ಮಿರ್ಲೆಯವಳು ತಲೆ ಎತ್ತದೆ ಕೊಂಚ ಸರಿದು ಜಾಗ ಮಾಡಿಕೊಟ್ಟಳು. ಒಬ್ಬಳು ಮೊದಲ ಕಡೆಯ ಹಾಳೆ ಹಿಡಿದಿದ್ದಾಳೆ, ಇನ್ನೊಬ್ಬಳು ಕೊನೆಯ ಕಡೆಯದು. ನಡುವೆ ಪುಸ್ತಕ ಡೇರೆಯ ಹಾಗೆ ನಿಂತಿದೆ. ಅವರನ್ನು ನೋಡಿ, ಆಗಲೇ ತಮ್ಮದು ಮುಗಿಸಿದ್ದ ಮಿಕ್ಕವರೂ ಒಬ್ಬೊಬ್ಬರಾಗಿ ಎದ್ದು, ಮುಗಿಸದವರ ಪಕ್ಕ ಕೂತರು. ಒಂದು ಪಿಸುಮಾತಿಲ್ಲ. ಅಂಥ ಶಿಸ್ತು.

ಇದನ್ನೆಲ್ಲ ನಾನು ಕಣ್ಣಾರೆ ನೋಡುತ್ತಿದ್ದೆ. ತಡೆಯಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಯಾಕೆಂದರೆ ನಾನು ಹುಟ್ಟಿದಾಗಿನಿಂದ ನೋಡಿರುವುದು ಇದನ್ನೇ. ನಮ್ಮ ಕಡೆ ರಾಗಿ ಹೊಲಕ್ಕೆ ಕಳೆ ತೆಗೆಯಲು ಮುಯ್ಯಾಳು ಬರುತ್ತಾರೆ, ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಅಂತ. ತಲೆಗೊಂದು ಸಾಲು. ತನ್ನ ಸಾಲು ಬೇಗ ಮುಗಿಸಿದವಳು ಬದುವಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುವ ಹಾಗಿಲ್ಲ. ಹಿಂದೆ ಬಿದ್ದವಳ ಸಾಲಿನ ಆ ತುದಿಗೆ ಹೋಗಿ, ಎದುರಿನಿಂದ ಕಳೆ ತೆಗೆದುಕೊಂಡು ಬರಬೇಕು. ಇಬ್ಬರೂ ನಡುವೆ ಎಲ್ಲೋ ಸಿಗುತ್ತಾರೆ. ಆಗ ಎಲ್ಲರೂ ಒಟ್ಟಿಗೆ ಸೊಂಟ ನೆಟ್ಟಗೆ ಮಾಡುತ್ತಾರೆ. ನಮ್ಮ ಘಟಕದಲ್ಲೂ ಅಷ್ಟೆ, ತನ್ನ ಕ್ರೇಟು ಖಾಲಿಯಾದವಳು ಪಕ್ಕದವಳ ಕ್ರೇಟಿಗೆ ಕೈ ಹಾಕುತ್ತಾಳೆ. ಹಾಗಾಗಿ ನನಗೆ ಆ ಹೊತ್ತಿಗೆ ಅನ್ನಿಸಿದ್ದು ಒಂದೇ. ಸದ್ಯ, ಮಿರ್ಲೆಯವಳದ್ದೂ ಟೈಮಿಗೆ ಮುಗಿಯುತ್ತದೆ. ಬೆಳಗಿನಿಂದ ಮೊದಲ ಸಲ ನೆಮ್ಮದಿಯಾಗಿ ಉಸಿರು ಬಿಟ್ಟೆ.

ಆಗ ಮೇಡಂ ಬಾಗಿಲಿಗೆ ಬಂದರು.

“ಸರ್! ಏನ್ ನಡೀತಿದೆ ಇಲ್ಲಿ?”

“ಟೆಸ್ಟ್ ಮೇಡಂ,” ಅಂದೆ ಹೆಮ್ಮೆಯಿಂದ. “ಇನ್ನೇನು ಮುಗೀತು.”

ಅವರ ಮುಖ ನೋಡಿದ ಮೇಲೆ ನನಗೆ ಅರ್ಥವಾಯಿತು. ಏನೇನು ಎಡವಟ್ಟಾಗಬಹುದು ಅಂತ ವಾರವೆಲ್ಲ ಕಾದಿದ್ದವನು, ಅದು ಕಣ್ಣೆದುರೇ ಕುರ್ಚಿ ಎಳೆದುಕೊಂಡು ಕೂತರೂ ಗುರುತು ಹಿಡಿಯಲಿಲ್ಲ.

“ಎಲ್ಲಾ ಕ್ಯಾನ್ಸಲ್,” ಅಂದರು ಮೇಡಂ. “ಇನ್ನೊಬ್ಬರ ಪುಸ್ತಕದಲ್ಲಿ ಬರೆದವರನ್ನ ಲಿಸ್ಟಿಂದಲೇ ತೆಗೀಬೇಕು. ರೂಲ್ ಇರೋದೇ ಹಾಗೆ.”

“ಅಂಗಾರೆ ಮಧ್ಯಾಹ್ನದ್ ಊಟಾನೂ ಕ್ಯಾನ್ಸಲ್ಲಾ?” ಅಂದಳು ಮಿರ್ಲೆಯವಳು.

ಗಾವಡಗೆರೆಯವಳು ಎದ್ದು ನಿಂತಳು. “ನೋಡ್ ಬರೀಬ್ಯಾಡಿ ಅಂದ್ರಿ, ನಾನ್ಯಾರ್ದೂ ನೋಡ್ನಿಲ್ಲ. ಮಾತಾಡ್ಬ್ಯಾಡಿ ಅಂದ್ರಿ, ತುಟಿ ಬಿಚ್ನಿಲ್ಲ. ನಂದ್ ಮುಗೀತು, ಇವ್ಳುದ್ ಮುಗ್ದಿರ್ನಿಲ್ಲ. ಸುಮ್ನೆ ಕುಂತ್ಕಂಡ್ ನೋಡಕ್ಕಾಯ್ತದಾ ತಾಯಿ?”

“ಅದೇ ಟೆಸ್ಟ್ ಅಮ್ಮಾ. ಯಾರಿಗೆ ಎಷ್ಟು ಬರುತ್ತೆ ಅಂತ ಬೇರೆ ಬೇರೆ ನೋಡಬೇಕು.”

“ಬ್ಯಾರೆ ಬ್ಯಾರೆ ಯಾಕೆ? ಕೆಲ್ಸ ಮಾಡೋದು ಎಲ್ರೂ ಒಟ್ಗೇ ಅಲ್ವಾ?”

“ಸೂಪರ್‌ವೈಸರ್ ಆಗೋದು ಒಬ್ರೇ ಅಲ್ವಾ?” ಅಂದರು ಮೇಡಂ.

ಗಾವಡಗೆರೆಯವಳು ಕುರ್ಚಿಯ ಮೇಲೆ ಧೊಪ್ಪನೆ ಕೂತು, “ಅಂಗಾರೆ ಜೀಪೇ ಗತಿ,” ಅಂದಳು, ತನಗೇ ಹೇಳಿಕೊಳ್ಳುವ ಹಾಗೆ.

ನಾನು ಮೇಡಂ ಅವರನ್ನು ಪಕ್ಕಕ್ಕೆ ಕರೆದೆ. ಮುಯ್ಯಾಳಿನಿಂದ ಹಿಡಿದು ತಿತಿಮತಿಯ ತಿರುವುಗಳ ತನಕ ಎಲ್ಲ ಹೇಳಿದೆ. ತಪ್ಪು ಇವರದ್ದಲ್ಲ, ನೋಡಿಕೊಳ್ಳಿ ಅಂದಿದ್ದು ನನಗೆ, ನಾನು ಬರೀ ನೋಡಿದೆ ಅಂದೆ. ಅವರು ಮುಖ ಗಂಟಿಕ್ಕಿಕೊಂಡೇ ಕೇಳುತ್ತಿದ್ದವರು, ವಾಂತಿಯ ವಿಷಯಕ್ಕೆ ಬಂದಾಗ ನಕ್ಕುಬಿಟ್ಟರು. “ನಂಗೂ ಕಾರಲ್ಲಿ ಹಂಗೇ ಆಗುತ್ತೆ ಸರ್,” ಅಂದರು. ಆಮೇಲೆ ಮಾಲೀಕರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿ, ಅವರ ಒಪ್ಪಿಗೆ ಪಡೆದು, ಚೀಲದಿಂದ ಎರಡನೇ ಸೆಟ್ಟಿನ ಪುಸ್ತಕಗಳನ್ನು ತೆಗೆದರು. “ಇದೊಂದು ಚಾನ್ಸು. ಆದರೆ ಯಾರೂ ಯಾರ ಹತ್ತಿರಾನೂ ಇರಬಾರದು. ಬೆಲ್ ಹೊಡೆಯೋವರೆಗೆ ಕುರ್ಚಿ ಬಿಟ್ಟು ಎದ್ದವರದ್ದು ಲೆಕ್ಕಕ್ಕಿಲ್ಲ.”

ಒಬ್ಬಳನ್ನು ಗೋಡೌನಿಗೆ, ಒಬ್ಬಳನ್ನು ಡ್ರಮ್ಮುಗಳ ಮರೆಗೆ, ಮಿರ್ಲೆಯವಳನ್ನು ಅಂಗಳದ ಹೊಂಗೆ ಮರದ ಕೆಳಗೆ, ಹೀಗೆ ಎಲ್ಲರನ್ನೂ ಚೆಲ್ಲಾಪಿಲ್ಲಿ ಕೂರಿಸಿದೆವು. ಗಾವಡಗೆರೆಯವಳನ್ನು ನನ್ನ ಆಫೀಸಿನಲ್ಲಿ, ನನ್ನ ಮೇಜಿನ ಎದುರು. “ನೀವೂ ಒಂದು ಬರೀರಿ ಸರ್,” ಅಂತ ಮೇಡಂ ನನಗೂ ಒಂದು ಪುಸ್ತಕ ಕೊಟ್ಟರು. “ನಿಮ್ದು ಲೆಕ್ಕಕ್ಕಿಲ್ಲ. ಸುಮ್ನೆ ಕೂತಿರ್ತೀರಲ್ಲ, ಅದಕ್ಕೆ.”

ಅವಳು ಮತ್ತೆ ಬೇಗ ಮುಗಿಸಿದಳು. ಪುಸ್ತಕವನ್ನು ಕವರಿನಲ್ಲಿ ಹಾಕಿ ಅಂಟಿಸಿ ಪಕ್ಕಕ್ಕಿಟ್ಟೆ. ಇನ್ನು ಅವಳು ಮಾಡಬೇಕಾದ ಕೆಲಸ ಒಂದೇ, ಬೆಲ್ ಹೊಡೆಯುವ ತನಕ ಕುರ್ಚಿ ಬಿಟ್ಟು ಏಳದೇ ಇರುವುದು. ಅದೇ ಅವಳಿಗೆ ಬಾರದ ಕೆಲಸ ಅಂತ ಆಗ ಗೊತ್ತಾಯಿತು. ಮೊದಲು ಸೆರಗಿನಿಂದ ನನ್ನ ಮೇಜು ಒರೆಸಿದಳು. ಪಿನ್ನುಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು. ನನ್ನ ಸ್ಟಾಂಪ್ ಪ್ಯಾಡಿನ ಮುಚ್ಚಳ ತೆಗೆದು, ಒಣಗಿದೆ ಅಂತ ಬೈದು, ಮುಚ್ಚಿದಳು. ಆಮೇಲೆ ಕಿಟಕಿ ಕಡೆ ತಿರುಗಿದಳು. ಅಲ್ಲಿ ಹೊಂಗೆ ಮರದ ಕೆಳಗೆ ಮಿರ್ಲೆಯವಳು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಹೋಗುತ್ತಿದ್ದ ಟ್ರ್ಯಾಕ್ಟರ್ ನೋಡುತ್ತಿದ್ದಳು.

“ಅಣ್ಣಯ್ಯ, ನೋಡಲ್ಲಿ! ಇನ್ನೂ ಮೊದಲ್ನೇ ಆಳೇಲೇ ಅವ್ಳೆ!”

“ಇರ್ಲಿ ಕಣವ್ವ. ಕೂತ್ಕೋ.”

“ಒಂದೇ ಒಂದ್ ಪುಟ ಕಣಣ್ಣಯ್ಯ. ಓಗಿ ಬಂದ್ಬುಡ್ತೀನಿ.”

“ಎದ್ದೆ ಅಂದ್ರೆ ಜೀಪು!” ಅಂದೆ.

ಅವಳು ಕುರ್ಚಿಯ ಎರಡೂ ಕೈ ಹಿಡಿದುಕೊಂಡಳು. ಕಾಲು ಮಾತ್ರ ನೆಲ ಒದೆಯುತ್ತಿತ್ತು. ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ. ನಾನು ಅಡ್ಡ ನಿಂತರೆ ಅವಳು ನಿಲ್ಲುವವಳೇ ಅಂತ ನನಗೇ ಧೈರ್ಯವಿರಲಿಲ್ಲ. ಅಲ್ಲಿ ಮಿರ್ಲೆಯವಳು ಪೆನ್ಸಿಲಿನಿಂದ ಬೆನ್ನು ಕೆರೆದುಕೊಂಡಳು. ಇಲ್ಲಿ ಇವಳು ಅರ್ಧ ಎದ್ದೇಬಿಟ್ಟಳು. “ಕೂತ್ಕೋ!” ಅಂದೆ. ಕೂತಳು. ವರ್ಷವಿಡೀ ಸಿಗಬೇಕಾದ ಕೆಲಸ ಈಗ ಕುರ್ಚಿಗೂ ಅವಳಿಗೂ ನಡುವಿನ ಸಣ್ಣ ಸಂದಿನಲ್ಲಿ ನೇತಾಡುತ್ತಿತ್ತು. ಬೆಲ್ ಹೊಡೆಯಲು ಇನ್ನೂ ಹೊತ್ತಿತ್ತು.

ಆಗ ನನಗೆ ಮೇಜಿನ ಮೇಲಿದ್ದ ನನ್ನ ಪುಸ್ತಕ ಕಾಣಿಸಿತು. ನಾನೂ ಮೊದಲ ಪುಟಗಳಲ್ಲೇ ಸಿಕ್ಕಿಕೊಂಡಿದ್ದೆ. ಒಂದು ಚೂರಿಗೆ ಸುತ್ತು ಹಾಕಿ, ಇದು ಇಷ್ಟು ಸುಲಭ ಇರಲಿಕ್ಕಿಲ್ಲ, ಇದರಲ್ಲಿ ಏನೋ ಮೋಸವಿದೆ ಅಂತ ಅಳಿಸಿ, ಇನ್ನೊಂದಕ್ಕೆ ಹಾಕಿದ್ದೆ. ಅಂಗಳದಲ್ಲಿ ಓಡಾಡುತ್ತಿದ್ದ ಮೇಡಂಗೆ ಬಾಗಿಲಿನಿಂದಲೇ ಕೂಗಿದೆ.

“ಮೇಡಂ, ನನ್ನದು ಲೆಕ್ಕಕ್ಕಿಲ್ಲ ತಾನೆ?”

“ಇಲ್ಲ ಸರ್!”

“ಇದರಲ್ಲಿ ಬೇರೆ ಯಾರಾದರೂ ಬರೆದರೆ ಅವರಿಗೆ ತೊಂದರೆ ಇಲ್ಲ ತಾನೆ?”

“ರಫ್ ಪೇಪರ್ ಅಂದ್ಕೊಳ್ಳಿ ಸರ್, ಏನ್ ಬೇಕಾದ್ರೂ ಮಾಡ್ಕೊಳ್ಳಿ! ಅವರು ಎದ್ದೇಳದಿದ್ರೆ ಸಾಕು!”

ಪುಸ್ತಕವನ್ನು ಮೇಜಿನ ನಡುವೆ ಇಟ್ಟು ಅವಳಿಗೆ ಪೆನ್ಸಿಲ್ ಕೊಟ್ಟೆ. ಅವಳ ಮುಖದಲ್ಲಿ ಬಂದ ಕಳೆಯನ್ನು ಏನಂತ ಹೇಳಲಿ. ಕುರ್ಚಿಯನ್ನು ಮುಂದಕ್ಕೆ ಜರುಗಿಸಿಕೊಂಡು ಕೊನೆಯ ಪುಟ ಎತ್ತಿದಳು. ನಾನು ಈ ಕಡೆಯಿಂದ, ಅವಳು ಆ ಕಡೆಯಿಂದ. ನಾನು ಒಂದು ಪುಟ ದಾಟುವಷ್ಟರಲ್ಲಿ ಅವಳು ಮೂರು ನಾಲ್ಕು ದಾಟುತ್ತಿದ್ದಳು. ಆ ಕಡೆ ಬಗ್ಗಿದ ತಲೆ ಕಿಟಕಿ ಕಡೆ ತಿರುಗಲೇ ಇಲ್ಲ. ನನ್ನ ಕಡೆಯ ಹಾಳೆಯಲ್ಲಿ ನಾನು ಅಳಿಸುತ್ತಿದ್ದ ಸದ್ದು ಕೇಳಿ ಒಂದೇ ಸಲ, “ಎಷ್ಟ್ ಸಲ ಅಳಿಸ್ತೀಯ, ಆಳೆ ಅರ್ದೋಯ್ತದೆ,” ಅಂದಳು. ನಡುವಿಗಿಂತ ಬಹಳ ಈಚೆಗೆ, ನನ್ನ ಕಡೆಯಲ್ಲೇ, ಇಬ್ಬರೂ ಸಿಕ್ಕೆವು. ಅವಳು ಸೊಂಟ ನೆಟ್ಟಗೆ ಮಾಡಿದಳು. ಗೇಟಿನ ಹತ್ತಿರ ಬೆಲ್ ಹೊಡೆಯಿತು.

ಫಲಿತಾಂಶ ಬರುವ ತನಕ ನಾನು ಪಟ್ಟ ಪಾಡನ್ನು ಹೇಳಲು ಹೋಗುವುದಿಲ್ಲ, ಹೆಂಡತಿ ಅದನ್ನು ನೆಂಟರಿಷ್ಟರಿಗೆಲ್ಲ ಹೇಳಿಯಾಗಿದೆ. ಬಂತು. ಗಾವಡಗೆರೆಯವಳೇ ಎಲ್ಲರಿಗಿಂತ ಮೇಲಿದ್ದಳು. ಮಾಲೀಕರು ಅವತ್ತೇ ಅವಳನ್ನು ಸೂಪರ್‌ವೈಸರ್ ಮಾಡಿದರು. ಸುದ್ದಿ ಹೇಳಿದಾಗ ಅವಳು ಸೌತೆಯ ಕ್ರೇಟು ಹಾಗೇ ಕೈಯಲ್ಲಿ ಹಿಡಿದು ನಿಂತಿದ್ದಳು. “ವರ್ಷ ಪೂರ್ತಿನಾ?” ಅಂದಳು. “ಪೂರ್ತಿ ಕಣವ್ವ,” ಅಂದೆ. ಕ್ರೇಟು ಕೆಳಗಿಟ್ಟು ಮಿರ್ಲೆಯವಳನ್ನು ತಬ್ಬಿಕೊಂಡಳು. ಮಿರ್ಲೆಯವಳು, “ನಾನ್ ನಿಧಾನ ಮಾಡಿದ್ದಕ್ಕೇ ನಿನ್ನ ಬೆಲೆ ಗೊತ್ತಾಗಿದ್ದು, ನೆಪ್ಪಿರ್ಲಿ,” ಅಂದಳು. ತೋಟದ ಮೇಸ್ತ್ರಿ ಆ ವರ್ಷ ಎಂದಿನ ಹಾಗೆ ಫೋನ್ ಮಾಡಿದಾಗ ಅವಳು, “ನಾನ್ ಬರಾಕಿಲ್ಲ ಕಣಪ್ಪ, ಇಲ್ಲಿ ನಾನಿಲ್ದಿದ್ರೆ ನಡೆಯಾಕಿಲ್ಲ,” ಅಂದದ್ದನ್ನು ಇಡೀ ಘಟಕ ಕೆಲಸ ನಿಲ್ಲಿಸಿ ಕೇಳಿತು. ಆ ಕೂಡಲೇ, ಕೆಲಸ ನಿಲ್ಲಿಸಿದ್ದಕ್ಕೆ ಎಲ್ಲರಿಗೂ ಬೈಗುಳ ಬಿತ್ತು.

ಹೀಗೆ ಎಲ್ಲವೂ ಸುಸೂತ್ರವಾಗಿ ಮುಗಿಯಿತು. ಕೆಟ್ಟದ್ದು ಅಂದರೆ ಒಂದು ಸಣ್ಣ ವಿಷಯ. ಪುಸ್ತಕಗಳನ್ನು ಗಡಿಬಿಡಿಯಲ್ಲಿ ಚೀಲಕ್ಕೆ ತುಂಬುವಾಗ ನನ್ನ ಹೆಸರು ಬರೆದಿದ್ದ ಪುಸ್ತಕವೂ ಅವುಗಳ ಜೊತೆ ಬೆಂಗಳೂರಿಗೆ ಹೋಗಿಬಿಟ್ಟಿತ್ತು. ಅಲ್ಲಿ ಕಂಪ್ಯೂಟರು ಅದಕ್ಕೂ ಮಾರ್ಕು ಹಾಕಿ, ಮಾಲೀಕರಿಗೆ ವರದಿ ಕಳಿಸಿತ್ತು. ಸುಲಭದ ಪ್ರಶ್ನೆಗಳೆಲ್ಲ ತಪ್ಪು, ಕಷ್ಟದವೆಲ್ಲ ಸರಿ. ಇಂಥ ವ್ಯಕ್ತಿಗೆ ಸಾಮಾನ್ಯ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ, ಸವಾಲು ಹೆಚ್ಚಿದಷ್ಟೂ ಬುದ್ಧಿ ಚುರುಕಾಗುತ್ತದೆ ಅಂತ ಅದರಲ್ಲಿತ್ತು. ನಾನು ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಮಾಲೀಕರಿಗೆ ಹೇಳಿದೆ. ಮೇಡಂ ಕೂಡ ಫೋನಿನಲ್ಲಿ ಹೇಳಿದರು. ಮಾಲೀಕರು ಇಬ್ಬರ ಮಾತನ್ನೂ ಕೇಳಿ, “ದೊಡ್ಡ ಬುದ್ಧಿವಂತರು ಯಾವತ್ತೂ ಒಪ್ಪಿಕೊಳ್ಳಲ್ಲ,” ಅಂತ ಎದ್ದು ನನ್ನ ಕೈ ಕುಲುಕಿದರು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ನಮ್ಮ ಸಂಗ್ರಹ ಕೇಂದ್ರಗಳಲ್ಲೂ ಇನ್ನು ಮುಂದೆ ಇದೇ ಪರೀಕ್ಷೆ. ಅಷ್ಟನ್ನೂ ನಡೆಸುವ ಹೊಣೆ ನನ್ನದೇ.